ಹರಿದ ನೋಟಿನ ಕೌಂಟರಿನವಳು

ಊಟದ ಮೇಜಿನ ಮೇಲೆ ಎಲ್‌ರಾಯ್
ಹನ್ನೊಂದು ಕಾರ್ಡು ಹರವುತ್ತಾನೆ.
"ಮೂರೇ ಇಟ್ಟುಕೊಳ್ಳುವುದು ಆಂಟಿ. ಉಳಿದದ್ದು ಮಾರಿ
ಮುಂದಿನ ಡಬ್ಬಿಗೆ ದುಡ್ಡು. ಯಾವ ಮೂರು?"

ಅವನ ಮಾಮ ಹಡಗಿನಲ್ಲಿ ಅಡುಗೆಯವ,
ಬಾಲ್ಟಿಮೋರ್ ಬಂದರಿನಲ್ಲಿ ಕೊಂಡು ತಂದದ್ದು.
ಮಜಗಾಂವಿನ ಈ ಓಣಿಯಲ್ಲಿ
ಬೇಸ್‌ಬಾಲ್ ಆಡಿದವರು ಯಾರೂ ಇಲ್ಲ. ನನಗಂತೂ
ಆ ದೊಣ್ಣೆ ಕಂಡರೆ, ಬೇಸಿಗೆಯಲ್ಲಿ ಕೆಂಪು ಮಸಾಲೆ ಕುಟ್ಟಲು ಬರುವ
ಹೆಂಗಸರ ಒನಕೆ ನೆನಪಾಗಿ ಸೀನು ಬರುತ್ತದೆ.

ಆದರೂ ನನ್ನನ್ನೇ ಕೇಳುತ್ತಾನೆ.
ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ
ಹರಿದ ನೋಟಿನ ಕೌಂಟರಿಗೆ ಕೂತವಳು ನಾನು.
ಮೀನಿನ ನೀರು ಕುಡಿದದ್ದು, ಇಲಿ ಕಚ್ಚಿದ್ದು,
ಸೆರಗಿನ ಗಂಟಿನಲ್ಲಿ ಬೆವೆತು ಬೆವೆತು ಬಟ್ಟೆಯೇ ಆದದ್ದು:
ಕಾಗದದ ಕಾಯಿಲೆ ನನ್ನ ಬೆರಳಿಗೆ ಗೊತ್ತು.

ಮೊದಲು ಕೈ ತೊಳೆದು ಬಾ. ಒರೆಸಿಕೋ, ಚಡ್ಡಿಗಲ್ಲ.
ಈಗ ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿ.
ಈ ಮೂಲೆ ಮೆತ್ತಗಾಗಿದೆ, ಬೆಳ್ಳಗೆ ಎಳೆಯೆದ್ದಿದೆ.
ಇವನು ಎಡಕ್ಕೆ ಸರಿದು ನಿಂತಿದ್ದಾನೆ; ಅಂಚು
ಒಂದು ಕಡೆ ಧಾರಾಳ, ಇನ್ನೊಂದು ಕಡೆ ಜಿಪುಣ.
ಇದರ ಹೊಳಪಿನ ಮೇಲೆ ಕೂದಲೆಳೆಯಷ್ಟು ಗೀರು,
ಯಾರೋ ತೀರಾ ಪ್ರೀತಿಯಿಂದ ಒರೆಸಿದ್ದಾರೆ.
"ನಾನೇ," ಎನ್ನುತ್ತಾನೆ, ಸಣ್ಣ ದನಿಯಲ್ಲಿ.

ಅವನಿಗೂ ಗೊತ್ತು ಕೆಲವು.
ಮೊದಲ ವರ್ಷದ ಕಾರ್ಡೇ ಕಾರ್ಡು, ಆಮೇಲಿನದು ಬರೀ ಫೋಟೋ.
ಐವತ್ತರಲ್ಲಿ ಹದಿನೇಳನೆಯದು ಎಂದು ಬೆನ್ನಿಗೆ ಒತ್ತಿದ್ದರೆ ತೆಗೆದಿಡಬೇಕು.
ಈಗ ಎಲ್ಲರೂ ಕೂಗುವ ಹೆಸರನ್ನು ಈಗಲೇ ಮಾರಬೇಕು;
ಭಾವುಚಾ ಧಕ್ಕೆಯಲ್ಲಿ ಮೊದಲ ದೋಣಿಯ ಪಾಪ್ಲೆಟ್ಟಿನ ರೇಟು
ಬಿಸಿಲೇರಿದ ಮೇಲೆ ಸಿಗುತ್ತದೆಯೇ?
ಚೆಂಡೆಸೆಯುವವರನ್ನಂತೂ ನಂಬಲೇಬಾರದು ಆಂಟಿ,
ಎಷ್ಟು ಜನಕ್ಕೆ ಮೊಣಕೈಯೇ ಕೈಕೊಟ್ಟಿದೆ!

ಹತ್ತು ಗಂಟೆಗೆ ಎರಡು ಆರಿಸಿದ್ದೆವು.

ನನ್ನ ಅಪ್ಪನೂ ಒಮ್ಮೆ ಆರಿಸಿದ್ದ.
ಅಂಕೋಲೆಯಿಂದ ಬಂದು ಪರೇಲಿನ ಗಿರಣಿ ಕ್ಯಾಂಟೀನಿನಲ್ಲಿ
ಚಹಾ ಸೋಸುತ್ತ, ಅದೇ ಗಿರಣಿಯ ಹತ್ತು ಷೇರು ಕೊಂಡ.
"ಭೋಂಗಾ ಒಂದು ದಿನ ತಪ್ಪಿದ್ದಿಲ್ಲ,"
ಅಷ್ಟೇ ಅವನ ಲೆಕ್ಕ.
ಭೋಂಗಾ ನಿಂತಿತು. ಷೇರು ಟ್ರಂಕಿನ ತಳ ಸೇರಿತು,
ಅದರ ಮೇಲೆ ಚಾದರ, ಚಾದರದ ಮೇಲೆ ನಾವೆಲ್ಲ.

ಹೋದ ವರ್ಷ ಹಳೆ ಕಾಗದ ಕೊಳ್ಳುವವನೊಬ್ಬ ಬಂದ.
ಚಿಮಣಿಯ ಚಿತ್ರ, ಹಸಿರು ಬಳ್ಳಿಯ ಅಂಚು,
ಯಾರದೋ ಉದ್ದಬಾಲದ ರುಜು.
ಷೇರಾಗಿ ಎಂದೂ ಮುಟ್ಟದ ಬೆಲೆಯನ್ನು
ಅದು ಚಿತ್ರವಾಗಿ ಮುಟ್ಟಿತ್ತು.
"ಎಷ್ಟು ಜತನದಿಂದ ಇಟ್ಟಿದ್ದೀರಿ!" ಎಂದ, ಮೂಲೆ ಹಿಡಿದು.
ಇಟ್ಟದ್ದಲ್ಲ, ಮರೆತದ್ದು. ಹೇಳಲಿಲ್ಲ.
ಒಂಬತ್ತು ಕೊಟ್ಟೆ.

ಎಲ್‌ರಾಯ್‌ಗೆ ಇದೆಲ್ಲ ಬೇಕಿಲ್ಲ. ಮೂರನೆಯದು ಬೇಕು.
ನಾನು ತೋರಿಸಿದ್ದು, ನಮ್ಮಿಬ್ಬರ ನಾಲಿಗೆಗೂ
ಹೆಸರು ಹತ್ತದ ಒಬ್ಬ ಹುಡುಗನನ್ನು.
ಅಂಚು ಸರಿಯಿದೆ, ಮೂಲೆ ಚೂಪು. ಉಳಿದವರೆಲ್ಲ
ಕ್ಯಾಮೆರಾ ನೋಡಿ ನಗುವಾಗ ಇವನು ಟೊಪ್ಪಿ ಹಿಂದಕ್ಕೆ ಜಾರಿ,
ಬಾಯಿ ತೆರೆದು, ಮೇಲೆ ನೋಡುತ್ತಿದ್ದಾನೆ.
ಚೆಂಡು ಚಿತ್ರದಲ್ಲಿಲ್ಲ.

ತಿರುಗಿಸಿದ. "ಎರಡೇ ಮ್ಯಾಚು ಆಡಿದ್ದಾನೆ ಆಂಟಿ."
ಇರಲಿ.
"ಬೆಳೆಯುತ್ತದಾ?"
ನನಗೇನು ಗೊತ್ತು? ಹರಿದ ನೋಟಿಗೆ
ಪೂರ್ತಿಯೋ, ಅರ್ಧವೋ, ಏನೂ ಇಲ್ಲವೋ,
ಅಷ್ಟು ಹೇಳಿ ಗೊತ್ತು, ಅದೂ ಹರಿದ ಮೇಲೆ.

ಟ್ರಂಕು ತೆರೆದು, ಹತ್ತನೆಯ ಷೇರಿನ ಪಕ್ಕ ಮಲಗಿಸಿದೆ.
ಎಲ್ಲಿಟ್ಟೆವೆಂದು ಮರೆತುಬಿಡು, ಅದೊಂದೇ ಉಪಾಯ ಎಂದೆ.
ತುಂಬಾ ಗಂಭೀರವಾಗಿ ತಲೆಯಾಡಿಸಿ ಹೋದ.

ಬೆಳಿಗ್ಗೆ ಆರೂವರೆ. ಹಾಲಿನವನೆಂದು ಬಾಗಿಲು ತೆರೆದರೆ
ಬಾಯಲ್ಲಿ ಟೂತ್‌ಬ್ರಶ್ಶು, ಎಲ್‌ರಾಯ್:
"ಆಂಟಿ, ಅಲ್ಲೇ ಇದೆ ತಾನೆ?"